ನಮ್ಮ ದುಡಿಮೆಯ ಗಂಟೆಗಳನ್ನೂ ಎಣಿಸಿ: ಪ್ರವಾಸ ಸಂಸ್ಥೆಗಳ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಗುಂಪು ಪ್ರವಾಸಗಳನ್ನು ನಡೆಸುವ ಸಂಸ್ಥೆಗಳ ಮುಖ್ಯಸ್ಥರಿಗೆ ಮತ್ತು ಕಾರ್ಯನಿರ್ವಹಣಾ ವಿಭಾಗದ ಹೊಣೆ ಹೊತ್ತವರಿಗೆ,

ಮಾನ್ಯರೇ,

ನಾನು ಕಳೆದ 19 ವರ್ಷಗಳಿಂದ ಟೂರ್ ಮ್ಯಾನೇಜರ್ ಆಗಿ ದುಡಿಯುತ್ತಿದ್ದೇನೆ. ಕೆಲವು ಸಂಸ್ಥೆಗಳು ಇದೇ ಹುದ್ದೆಯನ್ನು ಟೂರ್ ಡೈರೆಕ್ಟರ್ ಎಂದು ಕರೆಯುತ್ತವೆ. ಹೆಸರು ಯಾವುದಾದರೂ ಕೆಲಸ ಒಂದೇ: ತಾವು ಮಾರಿದ ಪ್ರವಾಸವನ್ನು, ಮೊದಲ ದಿನ ವಿಮಾನ ನಿಲ್ದಾಣದಲ್ಲಿ ಹೆಸರಿನ ಫಲಕ ಹಿಡಿದು ನಿಲ್ಲುವಲ್ಲಿಂದ ಕೊನೆಯ ಪ್ರಯಾಣಿಕರನ್ನು ಬೀಳ್ಕೊಡುವವರೆಗೆ, ಮಾತು ಕೊಟ್ಟ ಹಾಗೆಯೇ ನಡೆಸಿಕೊಡುವುದು. ಈ ವೃತ್ತಿಯನ್ನು ನಾನು ಪ್ರೀತಿಸುತ್ತೇನೆ, ಇದನ್ನು ಬಿಟ್ಟುಹೋಗುವ ಮನಸ್ಸು ನನಗಿಲ್ಲ. ಆದರೆ ನನ್ನೊಂದಿಗೆ ಕೆಲಸ ಆರಂಭಿಸಿದವರಲ್ಲಿ ಹಲವರು ಈಗಾಗಲೇ ಬಿಟ್ಟುಹೋಗಿದ್ದಾರೆ. ಅವರು ಏಕೆ ಹೋದರೆಂದು ತಮ್ಮ ಕಚೇರಿಗಳಿಂದ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ನಾನು ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿಗೆ ದುಡಿದವನು. ಈ ಪತ್ರದಲ್ಲಿ ಯಾವ ಸಂಸ್ಥೆಯ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ನಾನು ಹೇಳಬೇಕೆಂದಿರುವ ಸಂಗತಿ ನಾನು ದುಡಿದ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಬೇಕು. ಪ್ರಯಾಣಿಕರು ನಮ್ಮನ್ನು ಗೈಡ್ ಎಂದು ಕರೆಯುತ್ತಾರೆ, ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೆ ತಮ್ಮ ಕಚೇರಿಗಳಲ್ಲೂ ಅದೇ ತಿಳಿವಳಿಕೆ ಇರುವುದು ಸರಿಯಲ್ಲ. ಯುರೋಪಿನಲ್ಲಿ 2003ರಲ್ಲಿ ಪ್ರಕಟವಾದ ಇಎನ್ 13809 ಎಂಬ ಮಾನಕವು ಪ್ರವಾಸೋದ್ಯಮದ ಪದಗಳನ್ನು ವ್ಯಾಖ್ಯಾನಿಸುವಾಗ ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದೆ. ಗೈಡ್ ಎಂದರೆ ಒಂದು ಪ್ರದೇಶದ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯನ್ನು ಸಂದರ್ಶಕರಿಗೆ ಅವರ ಭಾಷೆಯಲ್ಲಿ ವಿವರಿಸುವವರು, ಸಾಮಾನ್ಯವಾಗಿ ಆ ಪ್ರದೇಶಕ್ಕೇ ಸಂಬಂಧಿಸಿದ ಅರ್ಹತೆ ಪಡೆದವರು. ಟೂರ್ ಮ್ಯಾನೇಜರ್ ಎಂದರೆ ಸಂಸ್ಥೆಯ ಪರವಾಗಿ ಇಡೀ ಪ್ರವಾಸದ ಮೇಲ್ವಿಚಾರಣೆ ಮಾಡಿ, ಪ್ರಯಾಣಿಕರಿಗೆ ಮಾರಿದ ಕಾರ್ಯಕ್ರಮ ಹಾಗೆಯೇ ನಡೆಯುವಂತೆ ನೋಡಿಕೊಳ್ಳುವವರು. ಇಟಲಿ, ಗ್ರೀಸ್‌ನಂಥ ದೇಶಗಳಲ್ಲಿ ಸ್ಮಾರಕಗಳ ಬಳಿ ವಿವರಣೆ ಕೊಡುವುದು ಪರವಾನಗಿ ಹೊಂದಿದ ಗೈಡುಗಳ ಕೆಲಸ. ನಾವು ಅಲ್ಲಿ ಬಾಯಿ ತೆರೆದರೆ ದಂಡ ಬೀಳಬಹುದು. ಗೈಡ್ ಎರಡು ಮೂರು ಗಂಟೆ ನಮ್ಮೊಂದಿಗಿದ್ದು ತಮ್ಮ ಕೆಲಸ ಮುಗಿಸಿ ಮನೆಗೆ ಹೋಗುತ್ತಾರೆ, ಹಾಗೆ ಹೋಗುವುದು ಅವರ ಹಕ್ಕು. ನಮ್ಮ ಕೆಲಸ ಮುಗಿಯುವ ಗಂಟೆ ಯಾವುದೆಂದು ನನ್ನ ಯಾವ ಕರಾರುಪತ್ರದಲ್ಲೂ ಬರೆದಿರಲಿಲ್ಲ. ನನ್ನ ದೂರಿನ ತಿರುಳು ಇದೇ.

ಒಂದು ಸಾಮಾನ್ಯ ದಿನ ಹೇಗಿರುತ್ತದೆ ಎಂಬುದನ್ನು ಕಚೇರಿಯಲ್ಲಿ ಕುಳಿತು ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವವರು ತಿಳಿಯಲೆಂದು ಹೇಳುತ್ತೇನೆ. ಬೆಳಗಿನ ಐದೂವರೆಗೆ ಎದ್ದು, ಆರೂವರೆಗೆ ಲಗೇಜು ಕೆಳಗೆ ಬಂದಿದೆಯೇ, ಪಟ್ಟಿಯಲ್ಲಿರುವಷ್ಟೇ ಪೆಟ್ಟಿಗೆಗಳಿವೆಯೇ ಎಂದು ಎಣಿಸಬೇಕು. ಉಪಾಹಾರದ ಕೋಣೆಯಲ್ಲಿ ಕುಳಿತರೂ ತಿನ್ನಲಾಗುವುದಿಲ್ಲ, ರಾತ್ರಿ ಹೀಟರ್ ಕೆಲಸ ಮಾಡಲಿಲ್ಲವೆಂಬವರೂ ಪಕ್ಕದ ಕೋಣೆಯ ಸದ್ದಿಗೆ ನಿದ್ದೆ ಬರಲಿಲ್ಲವೆಂಬವರೂ ಅಲ್ಲಿಗೇ ಬರುತ್ತಾರೆ. ಹೋಟೆಲಿನ ಲೆಕ್ಕ ತೀರಿಸಿ, ಮಧ್ಯಾಹ್ನದ ಊಟದ ಜಾಗಕ್ಕೆ ಸಂಖ್ಯೆ ದೃಢಪಡಿಸಿ, ಗೈಡಿಗೆ ಕರೆ ಮಾಡಿ, ಬಸ್ಸು ಹೊರಟ ಮೇಲೆ ಮೈಕು ಹಿಡಿದು ಮಾತನಾಡಬೇಕು. ದಾರಿಯ ಚರಿತ್ರೆಯನ್ನೂ ಮುಂದಿನ ಶೌಚಾಲಯ ಎಷ್ಟು ದೂರವೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ಸಂಜೆ ಹೋಟೆಲಿಗೆ ಬಂದ ಮೇಲೆ ರೂಮಿಂಗ್ ಲಿಸ್ಟಿನಲ್ಲಿ, ಅಂದರೆ ಯಾರಿಗೆ ಯಾವ ಕೋಣೆ ಎಂಬ ಪಟ್ಟಿಯಲ್ಲಿ, ಅವಳಿ ಹಾಸಿಗೆ ಕೇಳಿದವರಿಗೆ ಒಂದೇ ಹಾಸಿಗೆ ಸಿಕ್ಕಿರುವುದು ಪತ್ತೆಯಾಗುತ್ತದೆ. ರಾತ್ರಿ ಊಟ ಮುಗಿಸಿ ಎಲ್ಲರೂ ಮಲಗಲು ಹೋದ ಮೇಲೆ ಆ ದಿನದ ಖರ್ಚಿನ ಲೆಕ್ಕ, ವೌಚರುಗಳ ಜೋಡಣೆ, ಕಚೇರಿಗೆ ಕಳುಹಿಸಬೇಕಾದ ವರದಿ, ಮರುದಿನದ ದಾರಿಯ ಓದು. ದೀಪ ಆರಿಸುವಾಗ ಹನ್ನೊಂದೂವರೆ ದಾಟಿರುತ್ತದೆ. ಯಾವ ಅನಾಹುತವೂ ಆಗದ ದಿನದ ವಿವರವಿದು.

ಬಸ್ಸಿನಲ್ಲಿ ನಮ್ಮ ಆಸನವಿರುವುದು ಚಾಲಕರ ಪಕ್ಕದಲ್ಲಿ. ಅವರ ಎದುರಿಗೆ ಟ್ಯಾಕೋಗ್ರಾಫ್ ಎಂಬ ಉಪಕರಣವಿರುತ್ತದೆ. ಅವರು ಕಾರ್ಡು ತೂರಿಸಿದ ಕ್ಷಣದಿಂದ ಚಾಲನೆಯ ಮತ್ತು ವಿಶ್ರಾಂತಿಯ ಪ್ರತಿ ನಿಮಿಷವನ್ನೂ ಅದು ದಾಖಲಿಸುತ್ತದೆ. ಯುರೋಪಿಯನ್ ಒಕ್ಕೂಟದ 2006ರ 561ನೇ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಚಾಲಕರಿಗೆ 45 ನಿಮಿಷ ಬಿಡುವು ಸಿಗಲೇಬೇಕು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆಯವರೆಗೆ ಚಾಲನೆಗೆ ಅವಕಾಶ. ದಿನದ ವಿಶ್ರಾಂತಿ 11 ಗಂಟೆ. ಅದನ್ನು 9 ಗಂಟೆಗೆ ಇಳಿಸಬಹುದಾದರೂ ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ನಡುವೆ ಮೂರು ಸಲಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ಅಮೆರಿಕದಲ್ಲಿ ಲೆಕ್ಕ ಬೇರೆ, ಆದರೆ ಲೆಕ್ಕವಂತೂ ಇದೆ: ಪ್ರಯಾಣಿಕರ ಬಸ್ಸಿನ ಚಾಲಕರು ಸತತ 8 ಗಂಟೆ ವಿಶ್ರಾಂತಿಯ ನಂತರ ಗರಿಷ್ಠ 10 ಗಂಟೆ ಓಡಿಸಬಹುದು. ವಿಮಾನ ಸಿಬ್ಬಂದಿಗೂ ಇಂಥ ಮಿತಿಗಳಿವೆ. ಮನೆಯಿಂದ ತಿಂಗಳುಗಟ್ಟಲೆ ದೂರವಿದ್ದು ದುಡಿಯುವುದರಲ್ಲಿ ನಮ್ಮನ್ನೇ ಹೋಲುವ ಹಡಗಿನ ಕೆಲಸಗಾರರಿಗೆ 2006ರ ಸಾಗರ ಕಾರ್ಮಿಕ ಒಡಂಬಡಿಕೆಯು ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿಯನ್ನೂ ಊರಿಗೆ ಮರಳುವ ಹಕ್ಕನ್ನೂ ಕೊಟ್ಟಿದೆ. ಚಾಲಕರ ವಿಶ್ರಾಂತಿಯ ಬಗ್ಗೆ ನನಗೆ ಎಳ್ಳಷ್ಟೂ ಅಸೂಯೆಯಿಲ್ಲ. ನನ್ನ ಗುಂಪಿನ ಜೀವಗಳೂ ನನ್ನ ಜೀವವೂ ಅವರ ಕೈಯಲ್ಲಿರುತ್ತವೆ, ಅವರ ಬಿಡುವಿನ ನಿಮಿಷಗಳನ್ನು ಕಾಯುವ ಕೆಲಸವನ್ನು ನಾನು ಸಂತೋಷದಿಂದಲೇ ಮಾಡುತ್ತೇನೆ. ಅದೇ ಬಸ್ಸಿನಲ್ಲಿ, ಅವರಿಂದ ಒಂದು ಮೊಳ ದೂರದಲ್ಲಿ ಕುಳಿತವರ ದುಡಿಮೆಗೆ ಒಂದು ಗೆರೆಯ ದಾಖಲೆಯೂ ಏಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾಗಿ ನೆಲೆಸಿದ್ದು ಯುರೋಪಿನ ಪರ್ವತಸೀಮೆಯೊಂದರಲ್ಲಿ, 44 ಮಂದಿಯ ಗುಂಪಿನೊಂದಿಗೆ ಹೋಗಿದ್ದಾಗ. ಅಂದು ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಬಳಸು ದಾರಿಯಲ್ಲಿ ಸಾಗಿ, ಹೋಟೆಲ್ ತಲುಪಿ, ಚಾಲಕರು ತಮ್ಮ ಕಾರ್ಡು ಹೊರತೆಗೆಯುವಾಗ ರಾತ್ರಿ 11 ಗಂಟೆ. ಕಡಿತಗೊಂಡ ವಿಶ್ರಾಂತಿಯೂ 9 ಗಂಟೆಯಾದ್ದರಿಂದ ಮರುದಿನ 8 ಗಂಟೆಗೆ ಮುಂಚೆ ಬಸ್ಸು ಅಲುಗುವಂತಿರಲಿಲ್ಲ. ಏಳೂವರೆಗೆ ಹೊರಡಬೇಕಿದ್ದ ಕಾರ್ಯಕ್ರಮವನ್ನು ಬದಲಿಸಿ, ದೋಣಿ ವಿಹಾರದವರಿಗೂ ಊಟದ ಜಾಗಕ್ಕೂ ಸಂದೇಶ ಕಳುಹಿಸಿ ಮುಗಿಸುವಷ್ಟರಲ್ಲಿ ಹನ್ನೆರಡೂವರೆಯಾಯಿತು. ಒಂದು ಗಂಟೆಗೆ ಕೋಣೆಯ ಫೋನು ಮೊಳಗಿತು. ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದರು. ನಾನು ಹೋದಾಗ ಅವರ ಪತಿ ನೆಲದ ಮೇಲೆ ಕುಳಿತು ಹೆಂಡತಿಯ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು. ಸೊಂಟದ ಮೂಳೆ ಮುರಿದಿತ್ತೆಂದು ಆಮೇಲೆ ತಿಳಿಯಿತು.

ಆಂಬುಲೆನ್ಸಿನಲ್ಲಿ ಅವರೊಂದಿಗೆ ಹೋದೆ. ವೈದ್ಯರ ಮಾತು ಆ ದಂಪತಿಗೆ ಅರ್ಥವಾಗುತ್ತಿರಲಿಲ್ಲ, ದಂಪತಿಯ ಮಾತು ವೈದ್ಯರಿಗೆ ಅರ್ಥವಾಗುತ್ತಿರಲಿಲ್ಲ. ಅವರು ನುಂಗುವ ಮಾತ್ರೆಗಳ ಹೆಸರಿನಿಂದ ಹಿಡಿದು ಶಸ್ತ್ರಚಿಕಿತ್ಸೆಯ ಒಪ್ಪಿಗೆಯವರೆಗೆ ಎಲ್ಲವೂ ನನ್ನ ಬಾಯಿಂದಲೇ ಆಚೀಚೆ ಹೋಗಬೇಕಾಯಿತು. ವಿಮಾ ಸಂಸ್ಥೆಗೆ ಕರೆ ಮಾಡಿದೆ. ಮನೆಯಲ್ಲಿದ್ದ ಮಗಳಿಗೆ ಸುದ್ದಿ ತಿಳಿಸಿದೆ, ಆಕೆ ಅಳುವುದನ್ನು ನಿಲ್ಲಿಸುವವರೆಗೆ ಕಾದು ಮುಂದಿನ ವಿಷಯ ಹೇಳಿದೆ. ಸಂಸ್ಥೆಯ ತುರ್ತು ಸಂಖ್ಯೆಗೂ ಕರೆ ಮಾಡಿದೆ. ಎತ್ತಿಕೊಂಡವರು ಸೌಜನ್ಯದಿಂದಲೇ ಮಾತನಾಡಿದರು. ಆದರೆ ಇನ್ನೊಬ್ಬರನ್ನು ಕಳುಹಿಸುವ ಅಧಿಕಾರವಾಗಲಿ, ಆ ಪತಿಗಾಗಿ ಹೋಟೆಲ್ ಕೋಣೆಯನ್ನು ಮತ್ತೆರಡು ದಿನ ಕಾಯ್ದಿರಿಸುವ ಅಧಿಕಾರವಾಗಲಿ ಅವರಿಗಿರಲಿಲ್ಲ. ಬೆಳಗ್ಗೆ ಕಚೇರಿ ತೆರೆದ ಮೇಲೆ ಕೇಳಿ ಎಂದರು. ಕೋಣೆಯ ಹಣವನ್ನು ನನ್ನ ಸ್ವಂತ ಕಾರ್ಡಿನಿಂದ ಕಟ್ಟಿದೆ. ಅದು ನನಗೆ ಮರಳಿ ಬಂದದ್ದು ಏಳು ವಾರಗಳ ನಂತರ. ಹೋಟೆಲಿಗೆ ಹಿಂದಿರುಗಿದಾಗ ಐದು ಗಂಟೆ ಕಳೆದಿತ್ತು. ಮುಖ ತೊಳೆದು, ಅಂಗಿ ಬದಲಿಸಿ, ಲಗೇಜು ಎಣಿಸಲು ಕೆಳಗಿಳಿದೆ.

ನಮ್ಮ ವೃತ್ತಿಯಲ್ಲಿ ಜನರನ್ನು ಎಣಿಸುವ ಕ್ರಮವೊಂದಿದೆ. ತಲೆ ಎಣಿಸಿದರೆ ಬಗ್ಗಿ ಚೀಲ ಹುಡುಕುತ್ತಿರುವವರು ತಪ್ಪಿಹೋಗುತ್ತಾರೆ, ಆದ್ದರಿಂದ ಖಾಲಿ ಆಸನಗಳನ್ನು ಎಣಿಸುತ್ತೇವೆ. 49 ಆಸನಗಳ ಬಸ್ಸಿನಲ್ಲಿ 44 ಮಂದಿ ಇದ್ದರೆ ಐದು ಖಾಲಿ. ಆ ದಂಪತಿ ಆಸ್ಪತ್ರೆಯ ಊರಿನಲ್ಲೇ ಉಳಿದಿದ್ದರಿಂದ ಅಂದು ಏಳು ಖಾಲಿ ಇರಬೇಕಿತ್ತು. ಮಧ್ಯಾಹ್ನ ಮೂರೂವರೆಗೆ ದಾರಿಬದಿಯಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ, ಹಿಂದಿನ ದಿನ ಐದೂವರೆಗೆ ಎದ್ದಿದ್ದ ನಾನು ಕಣ್ಣು ಮುಚ್ಚದೆ 34 ಗಂಟೆಯಾಗಿತ್ತು. ಆಸನಗಳ ನಡುವಿನ ಹಾದಿಯಲ್ಲಿ ನಡೆದು ಎಣಿಸಿದೆ, ಏಳು ಎಂದು ನನಗೆ ಅನ್ನಿಸಿತು, ಚಾಲಕರಿಗೆ ಸನ್ನೆ ಮಾಡಿದೆ. ಖಾಲಿ ಇದ್ದದ್ದು ಎಂಟು. ಒಬ್ಬರೇ ಪ್ರವಾಸಕ್ಕೆ ಬಂದಿದ್ದ, ಹಿಂದಿನ ಸಾಲಿನಲ್ಲಿ ಒಬ್ಬರೇ ಕೂರುತ್ತಿದ್ದ ಹಿರಿಯರೊಬ್ಬರು ಹಿಂದೆ ಉಳಿದುಬಿಟ್ಟಿದ್ದರು. ಅವರ ಮುಂದಿನ ಸಾಲಿನವರೊಬ್ಬರು ಅವರೆಲ್ಲಿ ಎಂದು ಕೇಳಿದಾಗ ನಾವು ಆಗಲೇ ಹತ್ತು ನಿಮಿಷದ ದೂರ ಬಂದಿದ್ದೆವು. ತಿರುಗಿ ಹೋದಾಗ ಅವರು ಬಸ್ಸು ನಿಂತಿದ್ದ ಜಾಗದಲ್ಲೇ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಕೈ ನಡುಗುತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ. ನೀವು ಬರುವಿರೆಂದು ಗೊತ್ತಿತ್ತು, ಆದರೂ ಹೆದರಿಕೆಯಾಯಿತು ಎಂದಷ್ಟೇ ಹೇಳಿದರು. ಆ ತಪ್ಪು ನನ್ನದು. ಅದನ್ನು ನಾನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ 34 ಗಂಟೆ ಎಚ್ಚರವಿದ್ದ ಚಾಲಕನಿಗೆ ಬಸ್ಸಿನ ಕೀಲಿ ಕೊಡುವ ಸಂಸ್ಥೆ ಎಲ್ಲಾದರೂ ಇದೆಯೇ? ಇಲ್ಲವೆಂದಾದರೆ ಅಂಥ ಸ್ಥಿತಿಯಲ್ಲಿದ್ದವನ ಕೈಗೆ 42 ಮಂದಿಯನ್ನು ಒಪ್ಪಿಸಿದ್ದು ಸರಿಯಾಗುವುದು ಹೇಗೆ?

ಪ್ರವಾಸದ ಕೊನೆಯಲ್ಲಿ ತುಂಬುವ ಅಭಿಪ್ರಾಯ ಪತ್ರದಲ್ಲಿ ಆ ಹಿರಿಯರು ನನಗೆ ಕಡಿಮೆ ಅಂಕ ಕೊಟ್ಟಿದ್ದರು, ಕೊಡಬೇಕಾದದ್ದೇ. ಮೂರು ದಿನಗಳ ನಂತರ ಕಚೇರಿಯಿಂದ ಕರೆ ಬಂತು. ಗುಂಪಿನ ಸರಾಸರಿ ಏಕೆ ಇಳಿಯಿತೆಂದು ಕೇಳಿದರು. ನನ್ನ ವರದಿಯ ಎರಡು ಪುಟಗಳಲ್ಲಿ ಆಸ್ಪತ್ರೆಯ ರಾತ್ರಿಯ ವಿವರವೆಲ್ಲ ಇತ್ತು. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ಈ ಅಂಕಗಳ ವಿಷಯದಲ್ಲಿ ನನ್ನ ಸಹೋದ್ಯೋಗಿಗಳು ಎಷ್ಟು ಅಂಜಿಕೆಯಿಂದ ಬದುಕುತ್ತಾರೆಂಬುದು ತಮಗೆ ತಿಳಿದಿರಲಾರದು. ಮುಂದಿನ ಋತುವಿನಲ್ಲಿ ಯಾರಿಗೆ ಎಷ್ಟು ಪ್ರವಾಸ, ಯಾವ ಮಾರ್ಗ ಎಂಬುದನ್ನು ಅದೇ ಸರಾಸರಿ ನಿರ್ಧರಿಸುತ್ತದೆ. ಮಳೆ ಬಂದರೆ, ಹೋಟೆಲಿನ ಲಿಫ್ಟು ಕೆಟ್ಟರೆ, ಕಚೇರಿಯವರೇ ಆರಿಸಿದ ಜಾಗದಲ್ಲಿ ಊಟ ಆರಿಹೋಗಿದ್ದರೆ, ಬೇಸರಗೊಂಡವರು ಒಟ್ಟಾರೆ ಎಂಬ ಕಲಮಿನಲ್ಲಿ ಗುರುತು ಹಾಕುತ್ತಾರೆ; ಆ ಕಲಮು ಬಂದು ಕೂರುವುದು ನಮ್ಮ ಹೆಸರಿನ ಮುಂದೆ. ಅಂಕಗಳೇ ಬೇಡವೆಂದು ನಾನು ಹೇಳುವುದಿಲ್ಲ. ಪ್ರಯಾಣಿಕರಿಗೆ ನಮ್ಮನ್ನು ತೂಗುವ ಹಕ್ಕಿದೆ, ಒಳ್ಳೆಯ ಕೆಲಸಗಾರರಿಗೆ ಅದರಿಂದ ಲಾಭವೂ ಆಗಿದೆ. ಆದರೆ ನಮ್ಮ ಕೈಯಲ್ಲಿದ್ದದ್ದನ್ನೂ ಇಲ್ಲದ್ದನ್ನೂ ಬೇರೆ ಬೇರೆಯಾಗಿ ಕೇಳುವ ಪತ್ರವನ್ನು ಸಿದ್ಧಪಡಿಸುವುದು ಕಷ್ಟದ ಕೆಲಸವೇನಲ್ಲ.

ಆ ರಾತ್ರಿ ನಾನು ಮಾಡಿದ್ದು ನನ್ನ ದೊಡ್ಡತನವೆಂದು ದಯವಿಟ್ಟು ಭಾವಿಸಬೇಡಿ. ಅದು ಸಂಸ್ಥೆಯ ಕಾನೂನುಬದ್ಧ ಹೊಣೆ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ, ಕಷ್ಟಕ್ಕೆ ಸಿಲುಕಿದ ಪ್ರಯಾಣಿಕರಿಗೆ ಪ್ರವಾಸದ ಆಯೋಜಕರು ಅನಗತ್ಯ ವಿಳಂಬವಿಲ್ಲದೆ ನೆರವಾಗಬೇಕು. ಆರೋಗ್ಯ ಸೇವೆಯ ಮಾಹಿತಿ, ಸ್ಥಳೀಯ ಅಧಿಕಾರಿಗಳ ಸಂಪರ್ಕ, ದೂರದಿಂದ ಮಾತನಾಡುವ ಅನುಕೂಲ, ಎಲ್ಲವೂ ಅದರಲ್ಲಿ ಸೇರಿವೆ. ಕಾಗದದ ಮೇಲೆ ಆ ಹೊಣೆ ತಮ್ಮದು. ರಾತ್ರಿ ಒಂದು ಗಂಟೆಗೆ ಅದನ್ನು ನಿರ್ವಹಿಸುವುದಕ್ಕೆ ತಮ್ಮ ಸಂಸ್ಥೆಗೆ ಆ ಊರಿನಲ್ಲಿರುವುದು ಒಂದು ಜೊತೆ ಕೈಗಳು ಮಾತ್ರ, ಮತ್ತು ಅದೇ ಕೈಗಳು ಬೆಳಗ್ಗೆ ಏಳಕ್ಕೆ ಲಗೇಜು ಎಣಿಸಬೇಕು. ಪ್ರಯಾಣಿಕರಿಗೆ ಭದ್ರತೆಯ ಭರವಸೆಯನ್ನು ಮಾರುವಾಗ ಅದನ್ನು ಹೊತ್ತವರ ಶರೀರಕ್ಕೂ ಮಿತಿಯಿದೆಯೆಂಬುದು ಲೆಕ್ಕಕ್ಕೆ ಬರಬೇಕು.

ಇನ್ನು ಸಂಬಳದ ವಿಚಾರ. ಸಂಬಳವೆಂದು ಬಾಯಿಮಾತಿಗೆ ಅನ್ನುತ್ತೇವೆ, ನಮ್ಮಲ್ಲಿ ಬಹುಪಾಲು ಮಂದಿಗೆ ಸಿಗುವುದು ಪ್ರವಾಸದ ದಿನಗಳಿಗೆ ಮಾತ್ರ ದಿನದ ಲೆಕ್ಕದ ಹಣ, ಅದರ ಮೇಲೆ ಪ್ರಯಾಣಿಕರ ಟಿಪ್ಸು, ಐಚ್ಛಿಕ ವಿಹಾರಗಳನ್ನು ಮಾರಿದರೆ ಕಮಿಷನ್. ದಿನದ ಹಣವನ್ನು ಕಡಿಮೆ ಇಡುವುದಕ್ಕೆ ಸಿಗುವ ಸಮಾಧಾನ ಯಾವಾಗಲೂ ಒಂದೇ, ಟಿಪ್ಸು ಚೆನ್ನಾಗಿ ಬರುತ್ತದಲ್ಲ ಎಂಬುದು. ಕೊನೆಯ ಸಂಜೆ ಲಕೋಟೆಗಳು ಕೈಗೆ ಬರುವ ಹೊತ್ತನ್ನು ತಾವು ನೋಡಿರಲಾರಿರಿ. ಹತ್ತು ಹನ್ನೆರಡು ದಿನ ಮನೆಯವರಂತೆ ಜೊತೆಗಿದ್ದ ಜನ, ಕಣ್ಣಿಗೆ ಕಣ್ಣು ಕೊಡಲಾರದೆ, ಒಬ್ಬೊಬ್ಬರಾಗಿ ಲಕೋಟೆಯನ್ನು ಅಂಗೈಯಲ್ಲಿ ಮಡಿಸಿಟ್ಟುಕೊಂಡು ಬರುತ್ತಾರೆ. ಕೊಡಲಾಗದವರು ನನ್ನನ್ನು ತಪ್ಪಿಸಿಕೊಂಡು ಹೋಗುತ್ತಾರೆ, ವಿದಾಯದ ಮಾತನ್ನೂ ಆಡದೆ. ಆ ಹೊತ್ತಿನಲ್ಲಿ ಅವರಿಗೂ ನನಗೂ ಆಗುವ ಸಂಕೋಚ ಬಹಳ ನೋವಿನದು. ಮೆಚ್ಚುಗೆಯಾಗಿ ಬರುವ ಹಣವನ್ನು ನಾನು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತೇನೆ. ಅದೇ ಹಣದಿಂದ ನನ್ನ ಮನೆಯ ಬಾಡಿಗೆ ಕಟ್ಟಬೇಕಾದಾಗ ಅದು ಮೆಚ್ಚುಗೆಯಾಗಿ ಉಳಿಯುವುದಿಲ್ಲ, ತಾವು ಕೊಡಬೇಕಾದ ಕೂಲಿಯನ್ನು ಪ್ರಯಾಣಿಕರಿಂದ ಎರಡನೆಯ ಸಲ ವಸೂಲು ಮಾಡಿದಂತಾಗುತ್ತದೆ.

ಈ ವಿಷಯದಲ್ಲಿ ಜಗತ್ತು ಯೋಚಿಸಿಯೇ ಇಲ್ಲವೆಂದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1991ರ 172ನೇ ಒಡಂಬಡಿಕೆಯು ಹೋಟೆಲು ಮತ್ತು ರೆಸ್ಟೋರೆಂಟುಗಳ ಕೆಲಸಗಾರರನ್ನು ಕುರಿತದ್ದು. ಅದರ 6ನೇ ವಿಧಿಯು ಟಿಪ್ಸು ಎಂದರೆ ಗ್ರಾಹಕರು ಸ್ವಇಚ್ಛೆಯಿಂದ, ತೆರಬೇಕಾದ ಹಣಕ್ಕಿಂತ ಹೆಚ್ಚಾಗಿ ಕೊಡುವ ಹಣವೆಂದು ವಿವರಿಸಿ, ಟಿಪ್ಸು ಎಷ್ಟೇ ಬರಲಿ, ಕೆಲಸಗಾರರಿಗೆ ಕ್ರಮವಾಗಿ ಮೂಲ ವೇತನ ಸಲ್ಲಬೇಕೆಂದು ಹೇಳುತ್ತದೆ. ಈ ಒಡಂಬಡಿಕೆಯನ್ನು ಅಂಗೀಕರಿಸಿದ ದೇಶಗಳು ಕಡಿಮೆ, ಆದರೂ ಮಾತು ಸ್ಪಷ್ಟವಾಗಿದೆ. ನಾನು ಗುಂಪನ್ನು ಕರೆತಂದ ಹೋಟೆಲಿನಲ್ಲಿ ಲಗೇಜು ಎತ್ತುವವರು ಈ ಒಡಂಬಡಿಕೆಯ ವ್ಯಾಪ್ತಿಯಲ್ಲಿ ಬರುತ್ತಾರೆ, ಗುಂಪನ್ನು ಕರೆತಂದ ನಾನು ಬರುವುದಿಲ್ಲ. ಚೀನಾ ದೇಶ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2013ರ ಅಕ್ಟೋಬರಿನಿಂದ ಜಾರಿಗೆ ಬಂದ ಪ್ರವಾಸೋದ್ಯಮ ಕಾಯ್ದೆಯ 35ನೇ ವಿಧಿಯು, ಪ್ರವಾಸವನ್ನು ಅಸಹಜವಾಗಿ ಅಗ್ಗದ ಬೆಲೆಗೆ ಮಾರಿ, ಜನರನ್ನು ಅಂಗಡಿಗಳಿಗೆ ಕರೆದೊಯ್ದು ಕಮಿಷನ್‌ನಿಂದ ನಷ್ಟ ತುಂಬಿಕೊಳ್ಳುವುದನ್ನು ನಿಷೇಧಿಸಿತು. 38ನೇ ವಿಧಿಯು ಸಂಸ್ಥೆಗಳು ತಾವು ನೇಮಿಸಿಕೊಂಡ ಗೈಡುಗಳೊಂದಿಗೆ ಕಾರ್ಮಿಕ ಕರಾರು ಮಾಡಿಕೊಂಡು ವೇತನ ಮತ್ತು ಸಾಮಾಜಿಕ ವಿಮೆಯ ಹಣ ಕಟ್ಟಬೇಕು, ತಾತ್ಕಾಲಿಕವಾಗಿ ಕರೆದವರಿಗೂ ಸೇವಾ ಶುಲ್ಕವನ್ನು ಪೂರ್ತಿ ಕೊಡಬೇಕು, ಗುಂಪಿನ ಖರ್ಚಿಗೆ ಅವರಿಂದ ಮುಂಗಡ ಹಾಕಿಸಬಾರದು ಎಂದಿತು. ಅಲ್ಲಿ ಅದರ ಪಾಲನೆ ಹೇಗಿದೆ ಎಂಬುದು ಬೇರೆ ಚರ್ಚೆ. ನಮ್ಮ ವೃತ್ತಿಯ ಹುಣ್ಣುಗಳು ಎಲ್ಲಿವೆಯೆಂದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು ಎಂಬುದನ್ನು ಮಾತ್ರ ನಾನು ಗಮನಿಸುತ್ತೇನೆ.

ಯುರೋಪಿನಲ್ಲಿ ನೌಕರರಿಗೆ ದಿನಕ್ಕೆ 11 ಗಂಟೆ ವಿಶ್ರಾಂತಿ, ಸರಾಸರಿಯಲ್ಲಿ ವಾರಕ್ಕೆ 48 ಗಂಟೆಗಿಂತ ಹೆಚ್ಚಿಲ್ಲದ ದುಡಿಮೆ ಎಂಬ 2003ರ ನಿರ್ದೇಶನವೇ ಇದೆಯಲ್ಲ ಎಂದು ತಾವು ಕೇಳಬಹುದು. ಅದು ನೌಕರರಿಗೆ. ನಮ್ಮಲ್ಲಿ ಎಷ್ಟೋ ಮಂದಿಯನ್ನು ಸ್ವತಂತ್ರ ಗುತ್ತಿಗೆದಾರರೆಂದು ಕರೆದು ಆ ಬೇಲಿಯ ಹೊರಗೆ ನಿಲ್ಲಿಸಲಾಗಿದೆ. ಯಾವ ಮಾರ್ಗ, ಯಾವ ಹೋಟೆಲು, ಎಷ್ಟು ಗಂಟೆಗೆ ಹೊರಡಬೇಕು, ಯಾವ ಬಣ್ಣದ ಅಂಗಿ ತೊಡಬೇಕು, ಮೈಕಿನಲ್ಲಿ ಸಂಸ್ಥೆಯ ಹೆಸರನ್ನು ಎಷ್ಟು ಸಲ ಹೇಳಬೇಕು ಎಂಬುದನ್ನೆಲ್ಲ ನಿಗದಿ ಮಾಡುವವರು ತಾವು. ಸ್ವಾತಂತ್ರ್ಯವೆಂಬ ಮಾತು ಉಳಿಯುವುದು ಕರಾರುಪತ್ರದ ತಲೆಬರಹದಲ್ಲಿ ಮಾತ್ರ. 2020ರ ಮಾರ್ಚಿನಲ್ಲಿ ಇದರ ಬೆಲೆಯನ್ನು ನಾವು ತೆತ್ತೆವು. ಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಆ ದಿನಗಳಲ್ಲಿ ನಾನೂ ಒಂದು ಗುಂಪಿನೊಂದಿಗೆ ಇದ್ದೆ. ರದ್ದಾದ ವಿಮಾನಗಳ ನಡುವೆ ಆಸನ ಹುಡುಕಿ ಪ್ರತಿಯೊಬ್ಬರನ್ನೂ ಮನೆಯ ದಾರಿಗೆ ಹತ್ತಿಸಿದ ಮೇಲೆ ನಾನು ಕೊನೆಯವನಾಗಿ ಹೊರಟೆ. ಮನೆಗೆ ಬಂದ ವಾರದಲ್ಲೇ ಆ ವರ್ಷದ ನನ್ನ ಎಲ್ಲ ಪ್ರವಾಸಗಳೂ ರದ್ದಾದವೆಂಬ ಎರಡು ಸಾಲಿನ ಪತ್ರ ಬಂತು. ಪ್ರವಾಸಗಳು ರದ್ದಾಗುವುದು ಅನಿವಾರ್ಯವಾಗಿತ್ತು, ಅದನ್ನು ನಾನು ಅಂದೇ ಒಪ್ಪಿದ್ದೆ. ಆದರೆ ನನ್ನಂಥ ಅನೇಕರಿಗೆ ನೌಕರರಿಗೆ ಸಿಕ್ಕ ಪರಿಹಾರ ಸಿಗಲಿಲ್ಲ, ಗುತ್ತಿಗೆದಾರರೆಂಬ ಕಾರಣಕ್ಕೆ. ಅನಂತರ ಉದ್ಯಮ ಚೇತರಿಸಿಕೊಂಡಾಗ ಅನುಭವಿ ಟೂರ್ ಮ್ಯಾನೇಜರುಗಳು ಸಿಗುತ್ತಿಲ್ಲವೆಂದು ಸಂಸ್ಥೆಗಳು ಅಳಲು ತೋಡಿಕೊಂಡವು. ಆ ಅನುಭವಿಗಳು ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು, ಹಲವರು ಮರಳಲಿಲ್ಲ.

ನನ್ನ ಸಹೋದ್ಯೋಗಿಗಳೆಲ್ಲರೂ ನನ್ನ ಮಾತನ್ನು ಒಪ್ಪುತ್ತಾರೆಂದು ಹೇಳಿದರೆ ಸುಳ್ಳಾಗುತ್ತದೆ. ಟಿಪ್ಸಿನ ವ್ಯವಸ್ಥೆ ಹೀಗೇ ಇರಲಿ, ಒಳ್ಳೆಯ ಗುಂಪು ಸಿಕ್ಕಿದಾಗ ಯಾವ ಸಂಬಳಕ್ಕಿಂತಲೂ ಹೆಚ್ಚು ದುಡಿಯುತ್ತೇವೆ ಎನ್ನುವವರಿದ್ದಾರೆ. ಗುತ್ತಿಗೆಯ ಕೆಲಸವೇ ಬೇಕು, ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಇಷ್ಟದಂತೆ ಇರಬಹುದು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಅವರ ಆಯ್ಕೆಯನ್ನು ಕಿತ್ತುಕೊಳ್ಳಬೇಕೆಂದು ನಾನು ಬಯಸುವುದಿಲ್ಲ. ಆದರೆ ವಿಶ್ರಾಂತಿಯ ವಿಷಯದಲ್ಲಿ ಭಿನ್ನಾಭಿಪ್ರಾಯವನ್ನು ನಾನು ಕೇಳಿಲ್ಲ. ಹೊಸಬರಾಗಲಿ ಮೂವತ್ತು ವರ್ಷ ಸವೆಸಿದವರಾಗಲಿ, ವಿಮಾನ ನಿಲ್ದಾಣದ ಕಾಯುವ ಕೊಠಡಿಯಲ್ಲಿ ಇಬ್ಬರು ಟೂರ್ ಮ್ಯಾನೇಜರುಗಳು ಅಕಸ್ಮಾತ್ ಭೇಟಿಯಾದರೆ ಕೇಳುವ ಮೊದಲ ಪ್ರಶ್ನೆ, ಈ ಸಲ ನಿದ್ದೆ ಎಷ್ಟು ಸಿಕ್ಕಿತು ಎಂಬುದೇ.

ತಮ್ಮ ಉದ್ಯಮದ ಚರಿತ್ರೆಯಲ್ಲಿ ಥಾಮಸ್ ಕುಕ್ ಅವರ ಹೆಸರನ್ನು ತಾವೆಲ್ಲರೂ ಗೌರವದಿಂದ ನೆನೆಯುತ್ತೀರಿ. 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಮಂದಿಯನ್ನು ರೈಲಿನಲ್ಲಿ ಕರೆದೊಯ್ದಾಗ ಅವರು ಗುಂಪಿನ ಜೊತೆಗೇ ಇದ್ದರು. 1872ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಜಗತ್ತನ್ನು ಸುತ್ತಿಬರಲು ಹೊರಟ ಸಣ್ಣ ಗುಂಪಿನೊಂದಿಗೂ ಅವರೇ ಹೋದರು. ಆ ಪ್ರಯಾಣ 222 ದಿನ ಹಿಡಿಯಿತು. ಟಿಕೆಟ್ ಮಾರಿದವರೇ ಜನರ ಜೊತೆ ನಡೆಯುತ್ತಿದ್ದ ಕಾಲವದು. ಇಂದು ಮಾರುವವರು ಬೇರೆ, ನಡೆಯುವವರು ಬೇರೆ. ಅದು ಕಾಲದ ಅಗತ್ಯ ನಿಜ, ಆದರೆ ಕಾರ್ಯಕ್ರಮ ಪಟ್ಟಿಯನ್ನು ಬರೆಯುವವರು ವರ್ಷಕ್ಕೊಮ್ಮೆಯಾದರೂ ಒಂದು ಗುಂಪಿನೊಂದಿಗೆ ಮೊದಲಿನಿಂದ ಕೊನೆಯವರೆಗೆ, ಪ್ರಯಾಣಿಕರಾಗಿ ಅಲ್ಲದೆ ನಮ್ಮ ಸಹಾಯಕರಾಗಿ, ಬರಬೇಕೆಂಬುದು ನನ್ನ ಬಹುದಿನದ ಆಸೆ. ಭೂಪಟದಲ್ಲಿ ಆರು ಗಂಟೆಯೆಂದು ಕಾಣುವ ದಾರಿ 44 ಮಂದಿಯೊಂದಿಗೆ ಒಂಬತ್ತು ಗಂಟೆಯಾಗುವುದು ಹೇಗೆಂದು ಆಗ ನಾವು ಪತ್ರ ಬರೆದು ತಿಳಿಸಬೇಕಾಗುವುದಿಲ್ಲ.

ಮಾನ್ಯರೇ, ನನ್ನ ಬೇಡಿಕೆಗಳು ದೊಡ್ಡವಲ್ಲ, ಅವುಗಳಲ್ಲಿ ಹೆಚ್ಚಿನವಕ್ಕೆ ತಾವು ಯಾವ ಸರ್ಕಾರದ ಅಪ್ಪಣೆಗೂ ಕಾಯಬೇಕಾಗಿಲ್ಲ. ಟೂರ್ ಮ್ಯಾನೇಜರಿಗೆ ಎರಡು ದಿನಗಳ ದುಡಿಮೆಯ ನಡುವೆ ಕನಿಷ್ಠ 10 ಗಂಟೆಯ ಅಖಂಡ ವಿಶ್ರಾಂತಿ ಇರುತ್ತದೆಯೆಂದು ಕರಾರಿನಲ್ಲಿ ಬರೆಯಿರಿ; ತುರ್ತು ಸಂದರ್ಭದಲ್ಲಿ ಅದು ಮುರಿದರೆ, ಮರುದಿನ ಆ ಊರಿನ ಗೈಡೊಬ್ಬರನ್ನಾದರೂ ಹಣ ಕೊಟ್ಟು ಬಸ್ಸಿಗೆ ಕಳುಹಿಸಿ, ನಮ್ಮನ್ನು ಮಲಗಲು ಬಿಡಿ. ನಮ್ಮ ಗಂಟೆಗಳನ್ನು ದಾಖಲಿಸಲು ಉಪಕರಣವೇನೂ ಬೇಕಾಗಿಲ್ಲ, ದಿನದ ವರದಿಯಲ್ಲಿ ಎದ್ದ ಹೊತ್ತು, ಮಲಗಿದ ಹೊತ್ತು ಎಂಬ ಎರಡು ಕಲಮು ಸೇರಿಸಿ, ಅವುಗಳನ್ನು ಓದಲು ಒಬ್ಬರನ್ನು ನೇಮಿಸಿದರೆ ಸಾಕು. ದಿನದ ಹಣವನ್ನು ನಿಗದಿ ಮಾಡುವಾಗ ಟಿಪ್ಸು ಸೊನ್ನೆಯೆಂದು ಭಾವಿಸಿ ಲೆಕ್ಕ ಹಾಕಿ. ಪ್ರವಾಸಕ್ಕೆ ಮುಂಚಿನ ಸಿದ್ಧತೆಯ ದಿನಗಳು, ಅನಂತರದ ಲೆಕ್ಕಪತ್ರದ ದಿನ, ಗುಂಪು ಸೇರುವ ಊರಿಗೆ ಹೋಗಿಬರುವ ಪ್ರಯಾಣದ ದಿನಗಳು ಕೂಡ ದುಡಿಮೆಯೇ, ಅವುಗಳಿಗೂ ಹಣ ಸಲ್ಲಲಿ. ನಮ್ಮ ಸ್ವಂತ ಕಾರ್ಡನ್ನು ಸಂಸ್ಥೆಯ ಖರ್ಚಿಗೆ ಬಳಸಬೇಕಾದ ಪರಿಸ್ಥಿತಿ ಕೊನೆಯಾಗಲಿ. ರಾತ್ರಿ ತುರ್ತು ಫೋನು ಎತ್ತುವವರಿಗೆ ಕೋಣೆಯೊಂದನ್ನು ಕಾಯ್ದಿರಿಸುವಷ್ಟು, ಇನ್ನೊಬ್ಬರನ್ನು ಕಳುಹಿಸುವಷ್ಟು ಅಧಿಕಾರ ಕೊಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಇದು, ಏಕೆಂದರೆ ಆ ಒಂದು ಧ್ವನಿಯ ಆಸರೆಯಿದ್ದರೆ ಉಳಿದ ಕಷ್ಟವನ್ನು ಸಹಿಸಬಹುದು.

ಮುಂದಿನ ಋತುವಿನ ಕರಾರುಪತ್ರಗಳು ಕೆಲವೇ ವಾರಗಳಲ್ಲಿ ತಮ್ಮ ಕಚೇರಿಗಳಿಂದ ಹೊರಡಲಿವೆ. ಅವುಗಳಲ್ಲಿ ವಿಶ್ರಾಂತಿಯ ಗಂಟೆಗಳ ಬಗ್ಗೆ ಒಂದು ಸಾಲು ಸೇರಿರುವುದನ್ನು ನೋಡಲು ನಾನೂ ನನ್ನಂಥ ಅನೇಕರೂ ಕಾಯುತ್ತಿದ್ದೇವೆ. ಸೇರಿಸಲಾಗದಿದ್ದರೆ ಏಕೆ ಆಗದೆಂಬುದನ್ನು ಬಹಿರಂಗವಾಗಿಯೇ ತಿಳಿಸಬೇಕೆಂದು ವಿನಂತಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಟೂರ್ ಮ್ಯಾನೇಜರ್